ಜರಡಿಯ ಪಕ್ಕದ ಜಾಗ

ಫೆಬ್ರವರಿ 8, 1982, ಸೋಮವಾರ

ಬೆಣಚುಕಲ್ಲಿನ ಪುಡಿ ಕೊಳ್ಳಲು ಬರುವ ಬೆಂಗಳೂರಿನ ಏಜೆಂಟರು ಹೊಸ ವರ್ಷಕ್ಕೆಂದು ಕೊಟ್ಟ ಈ ಡೈರಿ ಒಂದು ತಿಂಗಳಿಂದ ಅಕ್ಕಿ ಡಬ್ಬದ ಮೇಲೆ ಬಿದ್ದಿತ್ತು. ಇವತ್ತು ಬರೆಯಲು ಕೂತೆ. ಮನೆಯಲ್ಲಿ ನಾನು ಮಾತಾಡಿದರೆ ಆದಿಲಕ್ಷ್ಮಿ ಉತ್ತರ ಕೊಡಲು ಬಾಯಿ ತೆರೆಯುತ್ತಾಳೆ. ಬಾಯಿ ತೆರೆದರೆ ಕೆಮ್ಮು ಶುರುವಾಗುತ್ತದೆ. ಹೀಗಾಗಿ ಮಾತು ಕಡಿಮೆ ಮಾಡಿದ್ದೇನೆ. ಮಿಕ್ಕ ಮಾತು ಎಲ್ಲಿಗಾದರೂ ಹೋಗಬೇಕಲ್ಲ.

ನಮ್ಮ ಮದುವೆಯಾಗಿ ಒಂಬತ್ತು ವರ್ಷ. ಅವಳು ಬೆಣಚುಕಲ್ಲು ಪುಡಿ ಮಾಡುವ ಗಿರಣಿಯಲ್ಲಿ ಜರಡಿಯ ಪಕ್ಕ ಕೂತು ನಾಲ್ಕು ವರ್ಷ. ಅಲ್ಲಿ ನಾನೇ ಮೇಸ್ತ್ರಿ, ಯಂತ್ರ ಕೆಟ್ಟರೆ ರಿಪೇರಿ ಮಾಡುವವನೂ ನಾನೇ, ಅವಳನ್ನು ಆ ಜಾಗದಲ್ಲಿ ಕೂರಿಸಿದವನೂ ನಾನೇ. ಹೊರಗೆ ಬಿಸಿಲಲ್ಲಿ ಕಲ್ಲು ಹೊರುವುದಕ್ಕಿಂತ ನೆರಳಲ್ಲಿ ಕೂತು ಮೊರದಲ್ಲಿ ಪುಡಿ ಸುರಿಯುವುದು ಸುಖವಲ್ಲವೆ? ಉಳಿದ ಹೆಂಗಸರು, ‘ಮೇಸ್ತ್ರಿ ಹೆಂಡ್ತಿಗೆ ಅರಮನೆ ಸಿಕ್ತು’ ಎಂದು ಆಡಿಕೊಂಡಿದ್ದರು.

ಇವತ್ತು ಮಧ್ಯಾಹ್ನ ಕೆಮ್ಮುತ್ತ ಕೆಮ್ಮುತ್ತ ಮೊರವನ್ನೇ ಕೈಬಿಟ್ಟಳು. ಸಂಜೆ ಎಲ್ಲರೂ ಕೈಕಾಲು ತೊಳೆದ ಮೇಲೆ ಬೆಲ್ಲ ಹಂಚಿದೆ. ನಮ್ಮ ಗಿರಣಿಯ ಪದ್ಧತಿ ಅದು. ಕೆಲಸ ಮುಗಿದ ಮೇಲೆ ತಲೆಗೊಂದು ನಿಂಬೆಹಣ್ಣಿನ ಗಾತ್ರದ ಬೆಲ್ಲದ ಉಂಡೆ. ಒಳಗೆ ಹೋದ ಧೂಳನ್ನೆಲ್ಲ ಬೆಲ್ಲ ಹಿಡಿದುಕೊಂಡು ಕೆಳಗಿಳಿಸುತ್ತದೆ. ಸಾಹುಕಾರ್ ವೆಂಕಟರಮಣಪ್ಪನವರ ತಂದೆಯ ಕಾಲದಿಂದ ನಡೆದು ಬಂದದ್ದು. ಆದಿಲಕ್ಷ್ಮಿಗೆ ಎರಡು ಉಂಡೆ ಕೊಟ್ಟೆ.

ಫೆಬ್ರವರಿ 12, ಶುಕ್ರವಾರ

ಬೆಲ್ಲ ಮೂರು ಉಂಡೆಗೆ ಏರಿತು. ಕೆಮ್ಮು ಇಳಿಯಲಿಲ್ಲ.

ಮನೆಗೆ ಬರುವಾಗ ರೈಲ್ವೆ ಗೇಟಿನ ಹತ್ತಿರ ಎರಡು ಸಲ ನಿಂತಳು. ಯಾಕೆ ಎಂದು ಕೇಳಿದರೆ, ‘ಗೂಡ್ಸ್ ಗಾಡಿ ನೋಡ್ತಿದ್ದೆ’ ಎಂದಳು. ಹಳಿಯ ಮೇಲೆ ಯಾವ ಗಾಡಿಯೂ ಇರಲಿಲ್ಲ.

ಫೆಬ್ರವರಿ 19, ಶುಕ್ರವಾರ

ಮಾಲೂರಿನ ಆಸ್ಪತ್ರೆಯಲ್ಲಿ ಮೂರು ಸಲ ಕಫ ನೋಡಿ, ‘ಕ್ಷಯ ಅಲ್ಲ, ಕೋಲಾರಕ್ಕೆ ಹೋಗಿ ಎದೆಯ ಫೋಟೋ ತೆಗೆಸಿ’ ಎಂದಿದ್ದರು. ಇವತ್ತು ಹೋಗಿದ್ದೆವು.

ಕೋಲಾರದ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವಳನ್ನು ಕೇಳಿದರು.

‘ಏನು ಕೆಲಸ ಮಾಡ್ತೀರಮ್ಮ?’

‘ಬೆಣಚುಕಲ್ ಗಿರಣಿ ಸಾರ್. ಜರಡಿ ಹತ್ರ.’

ಡಾಕ್ಟರು ಪೆನ್ನು ಕೆಳಗಿಟ್ಟರು. ನನಗೆ ಆ ಪೆನ್ನು ಕೆಳಗಿಟ್ಟ ರೀತಿ ಹಿಡಿಸಲಿಲ್ಲ. ಅವರು ಏನಾದರೂ ಹೇಳುವ ಮೊದಲೇ, ‘ದಿನಾ ಬೆಲ್ಲ ತಿನ್ನಿಸ್ತೀವಿ ಸಾರ್, ಒಂದು ದಿನಾನೂ ತಪ್ಸಿಲ್ಲ’ ಎಂದೆ.

‘ಬೆಲ್ಲ ತಿಂದ್ರೆ ಎಲ್ಲಿಗೆ ಹೋಗುತ್ತೆ?’

‘ಹೊಟ್ಟೆಗೆ.’

‘ಧೂಳು?’

ಅವರು ಆ ಫಿಲ್ಮಿನ ಮೇಲೆ ಬೆರಳಿಟ್ಟರು. ‘ಇಲ್ಲಿಗೆ. ಎರಡರ ದಾರೀನೂ ಬೇರೆ. ಬೆಲ್ಲ ಈ ಕಡೆ ತಿರುಗಿ ಕೂಡ ನೋಡಲ್ಲ.’

‘ಮೂಗಿಗೆ ಬಟ್ಟೆ ಕಟ್ಸಿದ್ರೆ?’

‘ದಪ್ಪ ಧೂಳನ್ನ ಬಟ್ಟೆ ತಡೆಯುತ್ತೆ. ಶ್ವಾಸಕೋಶ ಕೆಡಿಸೋದು ಸಣ್ಣದು. ಅದು ಬಟ್ಟೆ ದಾಟಿ ಹೋಗುತ್ತೆ.’

ಬಲಗಡೆ ಎರಡು ಕಡೆ ಮಸುಕು ಇದೆಯಂತೆ. ಅದು ಬರೀ ಸೋಂಕಿನ ಮಸುಕೋ, ಕಲ್ಲಿನ ಧೂಳು ಒಳಗೆ ಕೂತು ಗಟ್ಟಿಯಾಗಲು ಶುರುವಾಗಿದೆಯೋ ಈಗಲೇ ಹೇಳಲು ಆಗುವುದಿಲ್ಲವಂತೆ. ಔಷಧಿ ಬರೆದುಕೊಟ್ಟರು. ಆರು ತಿಂಗಳು ಧೂಳಿನ ಹತ್ತಿರ ಸುಳಿಯಬಾರದು. ಆಮೇಲೆ ಇನ್ನೊಂದು ಫೋಟೋ. ಮಸುಕು ಹೋಗಿದ್ದರೆ ಬದುಕಿದೆವು. ಉಳಿದಿದ್ದರೆ ಅದು ಕಲ್ಲು. ಕಲ್ಲಾದರೆ ಅದನ್ನು ಹೊರಗೆ ತೆಗೆಯುವ ಔಷಧಿ ಯಾರ ಹತ್ತಿರವೂ ಇಲ್ಲ.

ಬಸ್ಸಿನಲ್ಲಿ ಆದಿಲಕ್ಷ್ಮಿ ಫಿಲ್ಮಿನ ದೊಡ್ಡ ಕವರನ್ನು ತೊಡೆಯ ಮೇಲಿಟ್ಟುಕೊಂಡು, ‘ಮದ್ವೇಲಿ ಕೂಡ ನನ್ನ ಫೋಟೋ ಇಷ್ಟು ದೊಡ್ಡದಾಗಿ ತೆಗ್ಸಿರ್ಲಿಲ್ಲ ನೀವು’ ಎಂದಳು. ನಾನು ನಗಬೇಕಾಗಿತ್ತು.

ಫೆಬ್ರವರಿ 21, ಭಾನುವಾರ

ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿ ಬೈರಕೂರಿಗೆ ಹೋಗಿ ಆದಿಲಕ್ಷ್ಮಿಯನ್ನು ಅವಳ ತಮ್ಮ ನರಸಿಂಹಪ್ಪನ ಮನೆಯಲ್ಲಿ ಬಿಟ್ಟು ಬಂದೆ. ಸುತ್ತ ಮಾವಿನ ತೋಟ, ಹಿಪ್ಪುನೇರಳೆ ಹೊಲ. ಒಳ್ಳೆ ಗಾಳಿ. ಹೊರಡುವಾಗ, ‘ಸಾರಿಗೆ ಉಪ್ಪು ಎರಡು ಸಲ ಹಾಕ್ಬೇಡಿ’ ಎಂದಳು. ಸಂಜೆ ಸಾರು ಮಾಡಿದೆ. ಎರಡು ಸಲ ಹಾಕಿದ್ದೆ.

ಫೆಬ್ರವರಿ 22, ಸೋಮವಾರ

ಬೆಳಿಗ್ಗೆ ಸಾಹುಕಾರರು ಬಂದರು.

‘ಏನ್ಲಾ ಕೋದಂಡ, ನಿನ್ ಹೆಂಡ್ತಿ ತೌರಿಗೋದ್ಲು ಅಂತ ಜರಡಿ ನಿಲ್ಸಿದೀಯಾ?’

‘ಇಲ್ಲ ಸಾಹುಕಾರ್ರೇ, ಇನ್ನೊಬ್ರನ್ನ ಕೂರಿಸ್ತೀನಿ.’

ಚಿಕ್ಕಗಂಗಮ್ಮನನ್ನು ಕೂರಿಸಿದೆ. ಗಟ್ಟಿ ಹೆಂಗಸು. ನಮ್ಮ ಬೀದಿಯವಳೇ, ಆದಿಲಕ್ಷ್ಮಿಯ ಗೆಳತಿ. ‘ಅರಮನೆ ಈಗ ನಂದೇನಣ್ಣ?’ ಎಂದು ನಗುತ್ತ ಕೂತಳು. ಸಂಜೆ ಬೆಲ್ಲ ಹಂಚಿದೆ. ಡಾಕ್ಟರು ಹೇಳಿದ್ದನ್ನು ಹೇಳಲಿಲ್ಲ. ಸುಮ್ಮನೆ ಎಲ್ಲರನ್ನೂ ಯಾಕೆ ಹೆದರಿಸಬೇಕು?

ಮಾರ್ಚ್ 9, ಮಂಗಳವಾರ

ಲೋಡು ಹೋಯಿತು. ಇನ್ನೊಂದು ಲೋಡು ತುಂಬಬೇಕು. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 26, ಶುಕ್ರವಾರ, ಯುಗಾದಿ

ಹಬ್ಬಕ್ಕೆ ಬೈರಕೂರಿಗೆ ಹೋದೆ. ಇವತ್ತು ನಡೆದದ್ದನ್ನು ಬಿಡದೆ ಬರೆಯಬೇಕು.

ನರಸಿಂಹಪ್ಪನ ಹೆಂಡತಿ ಆಂಜಿನಮ್ಮ ರೇಷ್ಮೆಹುಳ ಸಾಕಿದ್ದಾಳೆ. ಆದಿಲಕ್ಷ್ಮಿ ಹುಳದ ಮನೆಯಲ್ಲಿದ್ದಾಳೆ ಎಂದು ಗೊತ್ತಾಗಿ ನೇರ ಅಲ್ಲಿಗೆ ನಡೆದೆ. ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಅದನ್ನು ಸರಿಸುವಷ್ಟರಲ್ಲಿ ಆಂಜಿನಮ್ಮ ಕೂಗಿದಳು.

‘ಅಲ್ಲೇ ನಿಂತ್ಕೊಳ್ಳಿ ಅಣ್ಣಯ್ಯ! ಬಸ್ಸಿಳಿದು ಹಂಗೇ ಬರ್ತಿದೀರಾ? ಕಾಲ್ ತೊಳ್ದಿಲ್ಲ, ಬೀಡಿ ವಾಸ್ನೆ ಇಲ್ಲೀಗಂಟ ಬರ್ತೈತೆ!’

‘ಹುಳ ನೋಡೋಕಲ್ಲಮ್ಮ ಬಂದಿದ್ದು, ಹೆಂಡ್ತಿ ನೋಡೋಕೆ.’

‘ಹೆಂಡ್ತಿ ಈಚೆ ಬರ್ತಾಳೆ, ಹುಳ ಬರೋಕಾಗಲ್ಲ. ಜ್ವರಕ್ಕೆ ಕೂತವೆ ಅವು, ಪೊರೆ ಬಿಡೋ ಹೊತ್ತು. ಚೂರು ಧೂಳು ಬಿದ್ರೆ ಪೊರೆ ಬಿಡ್ದಂಗೆ ಸತ್ತೋಗ್ತವೆ.’

ಆಮೇಲೆ ಹುಳದ ತಟ್ಟೆಯ ಕಡೆ ತಿರುಗಿ, ‘ಪಡುಕೋಂಡಿ ತಲ್ಲೀ, ಪಡುಕೋಂಡಿ’ ಎಂದು ತೆಲುಗಿನಲ್ಲಿ ಅವನ್ನು ಮಲಗಿಸತೊಡಗಿದಳು. ನಾನು ಕಾಲು ತೊಳೆದು, ಬಾಯಿ ಮುಕ್ಕಳಿಸಿ, ಅಂಗಿ ಒದರಿ, ಮದುವೆಗೆ ಬಂದ ಬೀಗನ ಹಾಗೆ ಬಾಗಿಲಲ್ಲೇ ನಿಂತೆ.

ಆದಿಲಕ್ಷ್ಮಿ ಹೊರಗೆ ಬಂದಳು. ಮುಖದಲ್ಲಿ ಕಳೆ ಬಂದಿದೆ. ಕೆಮ್ಮು ಇದೆ, ಆದರೆ ಮಾತಿನ ನಡುವೆ ಅಲ್ಲ, ಮಾತು ಮುಗಿದ ಮೇಲೆ. ಹೋಳಿಗೆ ಬಡಿಸುತ್ತ ಕೇಳಿದಳು.

‘ನನ್ನ ಜಾಗಕ್ಕೆ ಯಾರ್ನ ಕೂರ್ಸಿದ್ರಿ?’

‘ಚಿಕ್ಕಗಂಗಮ್ಮನ್ನ.’

‘ಡಾಕ್ಟ್ರು ಹೇಳಿದ್ದು ಅವಳಿಗೆ ಹೇಳಿದ್ರಾ?’

‘ಹೇಳೋಣ ಅಂತ...’

ಅವಳು ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟಳು. ‘ಅವಳ್ಗೆ ಎರಡು ಮಕ್ಳವೆ’ ಎಂದಳು. ಅಷ್ಟೇ. ಆಮೇಲೆ ನಾನು ಬಸ್ಸು ಹತ್ತುವವರೆಗೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆಂಜಿನಮ್ಮನ ಜೊತೆ ಆಡಿದಳು, ಎಮ್ಮೆಯ ಜೊತೆ ಆಡಿದಳು.

ಬಸ್ಸಿನಲ್ಲಿ ಮೂರು ಗಂಟೆ ಕೂತು ಯೋಚನೆ ಮಾಡಿದೆ. ನಾನೇನು ಬೇಕೆಂದು ಮಾಡಿದ್ದೆನೆ? ಜರಡಿಗೆ ಯಾರಾದರೂ ಕೂರಲೇಬೇಕಲ್ಲ.

ಮಾರ್ಚ್ 29, ಸೋಮವಾರ

ಸಂಜೆ ಬೆಲ್ಲದ ಡಬ್ಬ ತೆರೆಯುವ ಮೊದಲು ಎಲ್ಲ ಹೆಂಗಸರನ್ನೂ ಕೂರಿಸಿ ಡಾಕ್ಟರು ಹೇಳಿದ್ದನ್ನು ಹೇಳಿದೆ. ಬೆಲ್ಲದ ದಾರಿ, ಧೂಳಿನ ದಾರಿ ಎಲ್ಲವನ್ನೂ. ಮುದುಕಿ ಭಾರತಮ್ಮ, ‘ಹಂಗಾದ್ರೆ ಇನ್ಮೇಲೆ ಬೆಲ್ಲ ಕೊಡಲ್ವಾ?’ ಎಂದಳು. ‘ಕೊಡ್ತೀನಜ್ಜಿ, ಬಾಯಿ ಸಿಹಿಗೆ’ ಎಂದೆ.

ಚಿಕ್ಕಗಂಗಮ್ಮ ಕೇಳಿದಳು. ‘ಡಾಕ್ಟ್ರು ಹೇಳಿದ್ದು ಯಾವತ್ತಣ್ಣ?’

‘ಹತ್ತೊಂಬತ್ತನೇ ತಾರೀಕು. ಹೋದ ತಿಂಗ್ಳು.’

‘ನನ್ನ ಅರಮನೇಲಿ ಕೂರ್ಸಿದ್ದು?’

‘ಇಪ್ಪತ್ತೆರಡು.’

ಅವಳು ಬೈಯಬಹುದಿತ್ತು. ಬೈಯಲಿಲ್ಲ. ತನ್ನ ಪಾಲಿನ ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಕ್ಕಳಿಗೆಂದು ಮನೆಗೆ ಹೋದಳು.

ಏಪ್ರಿಲ್ 5, ಸೋಮವಾರ

ಜರಡಿಯ ಪಕ್ಕ ಒಬ್ಬರೇ ಅರ್ಧ ಗಂಟೆಗಿಂತ ಹೆಚ್ಚು ಕೂರಬಾರದು, ಸರದಿಯ ಮೇಲೆ ಕೂರಬೇಕು ಎಂದು ಮಾಡಿದ್ದೇನೆ. ನಾನೂ ಒಂದು ಸರದಿ ಕೂರುತ್ತೇನೆ. ಹಾಗೆ ಮಾಡಿದರೆ ಧೂಳು ಕಡಿಮೆಯಾಗುವುದಿಲ್ಲ, ಎಲ್ಲರಿಗೂ ಹಂಚಿಹೋಗುತ್ತದೆ ಅಷ್ಟೇ. ಬೇರೆ ದಾರಿ ಹುಡುಕಬೇಕು.

ಏಪ್ರಿಲ್ 14, ಬುಧವಾರ

ಬುಧವಾರ ನಮ್ಮ ಕಡೆ ಪವರ್ ಕಟ್. ಯಂತ್ರಗಳೆಲ್ಲ ಸುಮ್ಮನೆ ಮಲಗಿರುತ್ತವೆ. ಹುಳದ ಮನೆಯ ಒದ್ದೆ ಗೋಣಿ ತಲೆಯಲ್ಲಿ ತಿರುಗುತ್ತಿತ್ತು. ಹಳೆಯ ಗೋಣಿಗಳನ್ನು ಹೊಲಿಸಿ, ನೀರಲ್ಲಿ ನೆನೆಸಿ, ಜರಡಿಯ ನಾಲ್ಕೂ ಕಡೆ ಸುತ್ತಿ ಕಟ್ಟಿದೆ. ನಾಳೆ ನೋಡಬೇಕು.

ಏಪ್ರಿಲ್ 15, ಗುರುವಾರ

ನೋಡಿದೆ. ಜರಡಿ ಅಲುಗಾಡಿದ ಹಾಗೆಲ್ಲ ಗೋಣಿಯ ನೀರು ಪುಡಿಗೆ ತೊಟ್ಟಿಕ್ಕಿತು. ಪುಡಿ ಮುದ್ದೆಯಾಗಿ ಜರಡಿಯ ಕಣ್ಣೆಲ್ಲ ಮುಚ್ಚಿಕೊಂಡವು. ಅರ್ಧ ದಿನದ ಕೆಲಸ ಹಾಳು.

ಸಾಹುಕಾರರು ಮುದ್ದೆಯನ್ನು ಕೈಯಲ್ಲಿ ಹಿಡಿದು, ‘ಲೇ ಕೋದಂಡ, ಗಾಜಿನ ಕಾರ್ಖಾನೆಗೆ ಪುಡಿ ಕಳ್ಸು ಅಂದ್ರೆ ರಾಗಿಮುದ್ದೆ ಮಾಡಿದೀಯಲ್ಲೋ! ಇನ್ನು ಜರಡಿ ಹತ್ರ ನೀರು ಬಂದ್ರೆ ನೀನು ಗೇಟಿಂದಾಚೆ’ ಎಂದರು.

ಮನೆಯಲ್ಲಿ ಆದಿಲಕ್ಷ್ಮಿ ಇಲ್ಲ, ಗೇಟಿನ ಆಚೆ ಬೇರೆ ಕೆಲಸವೂ ಇಲ್ಲ. ಯೋಚನೆ ಮಾಡಬೇಕಾದದ್ದೇ.

ಏಪ್ರಿಲ್ 18, ಭಾನುವಾರ

ಬೈರಕೂರು. ಈ ಸಲ ಯಾರೂ ಹೇಳುವ ಮೊದಲೇ ಕಾಲು ತೊಳೆದೆ. ಆಂಜಿನಮ್ಮನ ಹತ್ತಿರ ನನ್ನ ಗೋಣಿಯ ಕತೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು.

‘ಜರಡಿಗೇ ಗೋಣಿ ಸುತ್ತುದ್ರಾ? ಅಯ್ಯೋ ನಮ್ಮಪ್ಪ! ನಾನೇನು ಹುಳಕ್ಕೆ ಗೋಣಿ ಹೊದಿಸ್ತೀನಾ? ಒದ್ದೆ ಸೊಪ್ಪು ತಿಂದ್ರೂ ಹುಳ ಸಾಯ್ತವೆ. ಒಳ್ಗೆ ಒಣಗಿರ್ಬೇಕು ಅಣ್ಣಯ್ಯ. ಗೋಣಿ ಗಾಳಿ ಆಡೋ ಕಡೆಗೆ.’

ಆದಿಲಕ್ಷ್ಮಿ ಸೊಪ್ಪು ಹೆಚ್ಚುತ್ತ ಕೂತಿದ್ದಳು. ತಲೆ ಎತ್ತದೆ ಆಂಜಿನಮ್ಮನಿಗೆ ಹೇಳಿದಳು. ‘ಜರಡಿಗೆ ತಗಡಿನ ಡಬ್ಬ ಮಾಡಿ ಮುಚ್ಬೇಕು ಅನ್ನು. ಮೊರ ತೂರೋವಷ್ಟು ಬಾಯಿ ಸಾಕು ಅನ್ನು. ಒಳಗಿನ ಗಾಳೀನ ಫ್ಯಾನಿಟ್ಟು ಎಳ್ದು ಪಕ್ಕದ ಖಾಲಿ ರೂಮಿಗೆ ಬಿಡ್ಬೇಕು, ಅಲ್ಲಿ ಕಟ್ಲಿ ಗೋಣಿ ಅನ್ನು.’

ನಾಲ್ಕು ವರ್ಷ ಆ ಯಂತ್ರದ ಪಕ್ಕ ಕೂತವಳು. ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಮೂರು ವಾರದ ನಂತರ ಅವಳ ದನಿ ಇಷ್ಟು ಹೊತ್ತು ಕೇಳಿದ್ದು ಇವತ್ತೇ. ಆಂಜಿನಮ್ಮನ ಮೂಲಕವಾದರೂ ಪರವಾಗಿಲ್ಲ.

ಮೇ 5, ಬುಧವಾರ

ಮೂರು ಬುಧವಾರಗಳ ಕೆಲಸ. ಡಾಂಬರಿನ ಹಳೆಯ ಡ್ರಮ್ಮುಗಳನ್ನು ಸೀಳಿ ತಗಡು ಮಾಡಿದೆ, ಆ ತಗಡಿನಲ್ಲಿ ಡಬ್ಬವೂ ಕೊಳವೆಯೂ ಆದವು. ಫ್ಯಾನಿನ ಬದಲಿಗೆ ಕಮ್ಮಾರ ಶ್ರೀರಾಮಪ್ಪ ಕುಲುಮೆಯ ಗಾಳಿ ಯಂತ್ರ ಕೊಟ್ಟ. ಪಕ್ಕದ ರೂಮಿನಲ್ಲಿ ಬಾವಿಯ ಪಂಪಿನ ನೀರು ಮೇಲಿಂದ ಗೋಣಿಗೆ ಹನಿದು ಕೆಳಗಿನ ತೊಟ್ಟಿಗೆ ಬೀಳುವ ಹಾಗೆ ಮಾಡಿದೆ. ಚಿಕ್ಕಗಂಗಮ್ಮ ಗೋಣಿ ಹೊಲಿದಳು. ಕೂಲಿಯಿಲ್ಲದ ದಿನ ಯಾಕೆ ಬಂದೆ ಎಂದು ಕೇಳಿದ್ದಕ್ಕೆ, ‘ನೀನು ಹೊಲ್ದ ಗೋಣಿ ನೋಡಿದೀನಣ್ಣ, ಅದಕ್ಕೇ’ ಎಂದಳು. ಬೈದ ಹಾಗಾಯಿತು. ಮನಸ್ಸು ಹಗುರವಾಯಿತು.

ಮೇ 6, ಗುರುವಾರ

ಬೆಳಿಗ್ಗೆ ಏಳಕ್ಕೆ ಯಂತ್ರ ಹಾಕಿದೆವು. ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಕೂತರು. ಪುಡಿ ಒಣಗಿಯೇ ಬಿತ್ತು. ಡಬ್ಬದ ಸಂದಿಯಲ್ಲಿ ಅಲ್ಲಲ್ಲಿ ಹೊಗೆಯ ಹಾಗೆ ಧೂಳು ಸೋರಿತು. ಗೋಧಿಹಿಟ್ಟಿನ ಅಂಟು ಮತ್ತು ಬಟ್ಟೆಪಟ್ಟಿಯಿಂದ ಮುಚ್ಚಿದೆವು. ಮಧ್ಯಾಹ್ನದ ಹೊತ್ತಿಗೆ ನನಗೆ ಎದುರಿನ ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರು ಕಂಡಿತು. ಅಲ್ಲಿ ಕ್ಯಾಲೆಂಡರು ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಸಂಜೆ ಪಕ್ಕದ ರೂಮಿನ ಬಾಗಿಲು ತೆಗೆದೆವು. ಗೋಣಿಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ಕೆಳಗಿನ ತೊಟ್ಟಿಯಲ್ಲಿ ದೋಸೆಹಿಟ್ಟಿನಂಥ ಕೆಸರು. ಮೊಗೆದರೆ ಎರಡು ಬುಟ್ಟಿ. ಹೆಂಗಸರೆಲ್ಲ ಬಂದು ಸುತ್ತ ನಿಂತರು.

ಚಿಕ್ಕಗಂಗಮ್ಮ ಅದರಲ್ಲಿ ಬೆರಳದ್ದಿ ಕೇಳಿದಳು. ‘ಇದು ಒಂದ್ ದಿನದ್ದಾ ಅಣ್ಣ?’

‘ಒಂದ್ ದಿನದ್ದು.’

‘ಇಷ್ಟೂ ನಾವು ಉಸಿರಾಡ್ತಿದ್ವಾ?’

ನಾನು ಉತ್ತರ ಕೊಡುವ ಮೊದಲೇ ಸಾಹುಕಾರರು ಮುಂದೆ ಬಂದು ಚೂರು ಕೆಸರನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಅವರ ಮುಖ ಅರಳಿತು. ‘ಲೇ, ಇದು ನಂಬರ್ ಒನ್ ಪುಡಿ ಕಣೋ! ಇಷ್ಟು ನೈಸು ಜರಡೀಲಿ ಬರೋದೇ ಇಲ್ಲ. ಇಷ್ಟು ವರ್ಷ ಗಾಳಿಗೋಗ್ತಿತ್ತಲ್ಲೋ!’

‘ಗಾಳಿಗಲ್ಲ ಸಾಹುಕಾರ್ರೇ, ನಮ್ಮೊಳಕ್ಕೆ’ ಎಂದಳು ಚಿಕ್ಕಗಂಗಮ್ಮ.

ಅವರು ತಲೆ ತಗ್ಗಿಸಿದರು. ‘ಡಬ್ಬ ಇರ್ಲಿ ಕೋದಂಡ’ ಎಂದು ಹೊರಟರು. ಯಾವ ಕಾರಣಕ್ಕೆ ಇರಲಿ ಎಂದರೋ, ನಾನು ಕೇಳಲು ಹೋಗಲಿಲ್ಲ. ಡಬ್ಬ ಇದ್ದರೆ ಸಾಕು.

ಜೂನ್ 17, ಗುರುವಾರ

ಕಲ್ಲು ಒಡೆಯುವ ಯಂತ್ರದ ಬಾಯಿಗೂ ತೂತಿನ ಕೊಳವೆ ಕಟ್ಟಿ ನೀರು ಹನಿಸಿದೆ. ಅಲ್ಲಿ ಕಲ್ಲು ನೆನೆದರೆ ತೊಂದರೆಯಿಲ್ಲ, ಅಂಗಳದಲ್ಲಿ ಹರಡಿದರೆ ಒಣಗುತ್ತದೆ. ಭಾರತಮ್ಮಜ್ಜಿ ಅಲ್ಲಿ ಇನ್ನು ಮೂಗಿಗೆ ಸೆರಗು ಒತ್ತಿಕೊಳ್ಳಬೇಕಾಗಿಲ್ಲ.

ಬೈರಕೂರಿನಿಂದ ಕಾಗದ. ನರಸಿಂಹಪ್ಪನ ಕೈಬರಹ, ಮಾತು ಅವಳದು. ಮಾವಿನಹಣ್ಣು ಕಳಿಸಿದ್ದಾಳಂತೆ. ‘ಅರ್ಧ ಚಿಕ್ಕಗಂಗಮ್ಮನಿಗೆ.’ ಕೆಮ್ಮಿನ ಬಗ್ಗೆ ಒಂದು ಮಾತೂ ಇಲ್ಲ. ಕಡಿಮೆಯಾದದ್ದಕ್ಕೋ, ಮುಚ್ಚಿಟ್ಟದ್ದಕ್ಕೋ?

ಜುಲೈ 20, ಮಂಗಳವಾರ

ಗೋಣಿ ಒಣಗಿದ್ದು ಹತ್ತು ಗಂಟೆಗೆ ಗೊತ್ತಾಯಿತು. ಬಾವಿಯ ಪಂಪು ಕೆಟ್ಟಿತ್ತು. ಯಂತ್ರ ನಿಲ್ಲಿಸಿದೆ. ಪಂಪು ರಿಪೇರಿಯಾಗಲು ಎರಡು ಗಂಟೆಯಾಯಿತು. ಲಾರಿ ಕಾದು ನಿಂತಿತ್ತು. ಸಾಹುಕಾರರು, ‘ಯಾರ್ನ ಕೇಳಿ ನಿಲ್ಸಿದೆ?’ ಎಂದು ಕೂಗಾಡಿದರು. ಕೇಳಬೇಕಿತ್ತು ಎಂದು ನನಗೆ ಹೊಳೆದಿರಲೇ ಇಲ್ಲ. ಮಧ್ಯಾಹ್ನ ಬದನೆಕಾಯಿ ಹುಳಿ ಮಾಡಿದ್ದೆ. ಚೆನ್ನಾಗಿತ್ತು.

ಆಗಸ್ಟ್ 25, ಬುಧವಾರ

ನಾಳೆ ಕೋಲಾರ. ಏನನ್ನೂ ಬರೆಯಲು ಆಗುತ್ತಿಲ್ಲ.

ಆಗಸ್ಟ್ 26, ಗುರುವಾರ

ಬೈರಕೂರಿನಿಂದ ಅವಳು ನೇರ ಕೋಲಾರದ ಬಸ್ ನಿಲ್ದಾಣಕ್ಕೆ ಬಂದಳು. ಆಸ್ಪತ್ರೆಯ ತನಕ ನಡೆದೆವು. ಅವಳು ಎಲ್ಲೂ ನಿಲ್ಲಲಿಲ್ಲ. ನಾನು ಮಾತಿಗೆ ಮಾತು ಸೇರಿಸುತ್ತ ಅವಳ ಉಸಿರನ್ನೇ ಕೇಳುತ್ತಿದ್ದೆ. ಅವಳಿಗೆ ಗೊತ್ತಾಗಿ, ‘ಏನು, ಕಿವಿ ಇಷ್ಟು ಹತ್ರ ತರ್ತಿದೀರ?’ ಎಂದಳು.

ಫಿಲ್ಮು ಒಣಗಲು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ನಾನು ಆಸ್ಪತ್ರೆಯ ಗೋಡೆಯ ಮೇಲಿನ ಕುಟುಂಬ ಯೋಜನೆಯ ಬೋರ್ಡನ್ನು ಎಷ್ಟು ಸಲ ಓದಿದೆನೋ.

ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಕಿಟಕಿಗೆ ಹಿಡಿದರು. ಹಳೆಯದನ್ನು ಕೆಳಗಿಟ್ಟರು. ಹೊಸದನ್ನು ತಿರುಗಿಸಿ ನೋಡಿದರು.

‘ಮಸುಕು ಹೋಗಿದೆಯಮ್ಮ’ ಎಂದರು. ‘ಎರಡೂ ಹೋಗಿವೆ. ಕಲ್ಲಲ್ಲ ಅದು, ಸೋಂಕು. ನಿಮ್ಮ ಪುಣ್ಯ. ಇನ್ನೆರಡು ವರ್ಷ ಹಾಗೇ ಕೂತಿದ್ರೆ ನಾನು ಈ ಮಾತು ಹೇಳೋಕಾಗ್ತಿರ್ಲಿಲ್ಲ.’

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಆದಿಲಕ್ಷ್ಮಿ ನನ್ನನ್ನು ನೋಡಿ, ‘ರೋಗ ನಂಗೋ ಇವರ್ಗೋ?’ ಎಂದಳು. ಡಾಕ್ಟರೂ ನಕ್ಕರು.

ಗಿರಣಿಯ ಡಬ್ಬ, ಗೋಣಿ, ಕೊಳವೆ ಎಲ್ಲವನ್ನೂ ಹೇಳಿದೆ. ಅವರು ಕಾಗದದ ಮೇಲೆ ಚಿತ್ರ ಬರೆಸಿಕೊಂಡರು. ಇನ್ನೂ ಸಣ್ಣ ಧೂಳು ಉಳಿದಿದೆಯೋ ಇಲ್ಲವೋ ಹೇಗೆ ತಿಳಿಯುವುದು ಎಂದು ಕೇಳಿದೆ. ‘ಬಾಗಿಲು ಮುಚ್ಚಿ ಕತ್ತಲೆ ಮಾಡಿ. ಹೆಂಚಿನ ಸಂದಿಯಲ್ಲಿ ಒಂದು ಬಿಸಿಲುಕೋಲು ಬೀಳಲಿ. ಬೇರೆ ಬೆಳಕಲ್ಲಿ ಕಾಣದ್ದು ಅದರಲ್ಲಿ ಕಾಣುತ್ತೆ’ ಎಂದರು. ಜೊತೆಗೆ, ಎಲ್ಲ ಹೆಂಗಸರನ್ನೂ ಇಬ್ಬಿಬ್ಬರಂತೆ ಫೋಟೋಗೆ ಕಳಿಸಬೇಕು ಎಂದರು. ಮೊದಲು ಚಿಕ್ಕಗಂಗಮ್ಮ.

ಬಸ್ಸಿನಲ್ಲಿ ಆದಿಲಕ್ಷ್ಮಿ ಹೇಳಿದಳು. ‘ಸೋಮವಾರದಿಂದ ಗಿರಣಿಗೆ ಬರ್ತೀನಿ.’

‘ಬಾ. ಅಂಗಳದಲ್ಲಿ ಚೀಲ ಹೊಲಿ.’

‘ಜರಡಿ ಹತ್ರ ಕೂರ್ತೀನಿ.’

‘ಬೇಡ ಕಣೇ.’

‘ಯಾಕೆ? ಡಬ್ಬ ಸರಿಯಾಗಿಲ್ವಾ?’

‘ಸರಿಯಾಗೈತೆ.’

‘ಹಂಗಾದ್ರೆ ನಾನು ಕೂತ್ರೇನು? ಸರಿಯಾಗಿಲ್ಲ ಅಂದ್ರೆ ಚಿಕ್ಕಗಂಗಿ ಯಾಕೆ ಕೂರ್ಬೇಕು?’

ಮಾಲೂರಿನಲ್ಲಿ ಬಸ್ಸಿಳಿದು ನೇರ ಅಂಗಡಿಗೆ ಹೋಗಿ ಡಬ್ಬದ ಬಾಯಿಗೆಂದು ರಬ್ಬರಿನ ಹಾಳೆ ಕೊಂಡೆ.

ಆಗಸ್ಟ್ 29, ಭಾನುವಾರ

ಇಡೀ ದಿನ ಡಬ್ಬದ ಪ್ರತಿಯೊಂದು ಸಂದಿಯನ್ನೂ ಹೊಸದಾಗಿ ಮುಚ್ಚಿದೆ. ಮೊರ ತೂರುವ ಬಾಯಿಗೆ ರಬ್ಬರಿನ ಪರದೆ ಹಾಕಿದೆ. ಹೊಸ ಗೋಣಿ ಕಟ್ಟಿದೆ. ಜರಡಿಯ ಮೇಲಿನ ಒಂದು ಹೆಂಚನ್ನು ಸ್ವಲ್ಪ ಸರಿಸಿದೆ.

ಆಗಸ್ಟ್ 30, ಸೋಮವಾರ

ಏಳಕ್ಕೆ ಬಂದಳು. ಸರದಿಯಲ್ಲಿ ಮೊದಲನೆಯವಳಾಗಿ ಕೂತಳು. ಯಂತ್ರ ಹಾಕಿ, ಒಂದೂವರೆ ಗಂಟೆ ಓಡಲು ಬಿಟ್ಟೆ. ಸರದಿ ಬದಲಾಯಿತು, ಆದರೆ ಅವಳು ಎದ್ದು ಹೋಗಲಿಲ್ಲ, ಚಿಕ್ಕಗಂಗಮ್ಮನ ಪಕ್ಕದಲ್ಲೇ ನಿಂತಳು. ಎಂಟೂವರೆಗೆ, ಯಂತ್ರ ಓಡುತ್ತಿರುವಾಗಲೇ, ಬಾಗಿಲು, ಕಿಟಕಿ ಮುಚ್ಚಿದೆ.

ಸರಿಸಿದ ಹೆಂಚಿನಿಂದ ಬಿಸಿಲುಕೋಲು ಇಳಿದು ಇಬ್ಬರ ನಡುವೆ ನೆಲಕ್ಕೆ ತಾಗಿತು. ನಾನು ಹತ್ತಿರ ಹೋಗಿ, ಕಣ್ಣನ್ನು ಅದರ ಪಕ್ಕಕ್ಕೇ ಇಟ್ಟು ನೋಡಿದೆ. ಎಲ್ಲ ಮನೆಯಲ್ಲೂ ಆಡುವಂಥ ನಾಲ್ಕಾರು ಕಣ ಮೆಲ್ಲಗೆ ತೇಲುತ್ತಿದ್ದವು. ಅದರ ಆಚೆಗೆ ಏನಿದೆ ಎಂದು ನೋಡಿದೆ. ಆಚೆಗೆ ಇವರಿಬ್ಬರ ಮುಖಗಳು ಕಂಡವು, ಸ್ಪಷ್ಟವಾಗಿ, ಹಣೆಯ ಕುಂಕುಮದ ಸಮೇತ.

‘ಏನ್ ಕಾಣ್ತೈತೆ?’ ಎಂದಳು ಆದಿಲಕ್ಷ್ಮಿ.

‘ನೀವಿಬ್ರು.’

‘ನಮ್ನ ಆಮೇಲೆ ನೋಡಿ, ಬಾಗ್ಲು ತೆಗೀರಿ ಮೊದ್ಲು. ಸೆಕೆ!’

ಬಾಗಿಲು ತೆಗೆದೆ.